ಹೆಸರು ಬೇರೆ, ವಸ್ತು ಬೇರೆ: ಜಾವಾಸ್ಕ್ರಿಪ್ಟ್ ಭಾಷೆಯ ಮೂಲಪಾಠ

ಜಾಲತಾಣವೊಂದರಲ್ಲಿ ಪರೀಕ್ಷೆಯ ಕ್ರಮಸಂಖ್ಯೆಯನ್ನು ಬರೆದು ಗುಂಡಿಯನ್ನು ಒತ್ತಿದೊಡನೆ, ಪುಟದ ಉಳಿದ ಭಾಗ ಹಾಗೆಯೇ ಇದ್ದು, ಅಂಕಗಳು ಮಾತ್ರ ತೆರೆಯ ಮೇಲೆ ಮೂಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇಂತಹ ಕೆಲಸವನ್ನು ಸಾಮಾನ್ಯವಾಗಿ ನಡೆಯಿಸುವುದು ಜಾವಾಸ್ಕ್ರಿಪ್ಟ್ ಎಂಬ ಭಾಷೆ. ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬುವರು 1995ರ ಮೇ ತಿಂಗಳಿನಲ್ಲಿ ಇದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರು. ಮೊದಲು ಮೋಕಾ ಎಂದೂ ಅನಂತರ ಲೈವ್‌ಸ್ಕ್ರಿಪ್ಟ್ ಎಂದೂ ಕರೆಯಲ್ಪಟ್ಟ ಈ ಭಾಷೆಗೆ ಅದೇ ವರ್ಷದ ಡಿಸೆಂಬರಿನಲ್ಲಿ ಇಂದಿನ ಹೆಸರು ಬಂದಿತು. ಜಾವಾ ಎಂಬುದು ಬೇರೆಯೇ ಒಂದು ಭಾಷೆ. ಹೆಸರಿನ ಹೋಲಿಕೆಯನ್ನು ಕಂಡು ಮೋಸಹೋಗಬಾರದು. ಭಾಷೆಯ ನಿಯಮಗಳನ್ನು ಎಕ್ಮಾ ಎಂಬ ಸಂಸ್ಥೆ 1997ರಲ್ಲಿ ಮೊದಲ ಬಾರಿಗೆ ಗ್ರಂಥರೂಪದಲ್ಲಿ ಪ್ರಕಟಿಸಿತು. 2015ರ ಆವೃತ್ತಿಯಲ್ಲಿ ಭಾಷೆ ಬಹುವಾಗಿ ವಿಸ್ತಾರಗೊಂಡಿತು.

ಬರೆದ ವಾಕ್ಯದಲ್ಲಿ ವ್ಯಾಕರಣದೋಷವಿದ್ದರೆ ಯಂತ್ರವು ಕೂಡಲೆ ನಿಂತು ತಿಳಿಸುತ್ತದೆ. ಅಂತಹ ತಪ್ಪು ಅಷ್ಟು ಅಪಾಯಕರವಲ್ಲ. ಯಂತ್ರವು ನಿಲ್ಲದೆ, ಎಚ್ಚರಿಸದೆ, ತಪ್ಪು ಉತ್ತರವನ್ನು ಸರಿಯುತ್ತರದಷ್ಟೇ ನಿರ್ವಿಕಾರವಾಗಿ ಕೊಟ್ಟಾಗ ನಿಜವಾದ ಅಪಾಯ. ಅಂಕಪಟ್ಟಿಯಲ್ಲಿ ಇಂತಹ ತಪ್ಪು ನುಸುಳಿದರೆ ಒಬ್ಬ ವಿದ್ಯಾರ್ಥಿಯ ಒಂದು ವರ್ಷವೇ ವ್ಯರ್ಥವಾಗಬಹುದು. ಇವುಗಳಲ್ಲಿ ಅನೇಕವು ಹುಟ್ಟುವುದು ನಾವು ಯಂತ್ರಕ್ಕೆ ಒಪ್ಪಿಸಿದ ದತ್ತಾಂಶದ ಸ್ವರೂಪವನ್ನು ಅರಿಯದಿರುವುದರಿಂದ. ಆದುದರಿಂದ ಈ ಪಾಠದಲ್ಲಿ ಆ ಸ್ವರೂಪವನ್ನೇ ಪರಿಶೀಲಿಸೋಣ.

ಮೌಲ್ಯಗಳ ಎರಡು ಜಾತಿಗಳು

ಜಾವಾಸ್ಕ್ರಿಪ್ಟಿನಲ್ಲಿ ಮೌಲ್ಯಗಳು ಎರಡು ಜಾತಿಯವು. ಮೊದಲನೆಯವು ಸರಳ ಮೌಲ್ಯಗಳು. ಇವು ಏಳು ಬಗೆ: ಸಂಖ್ಯೆ, ಬಹು ದೊಡ್ಡ ಪೂರ್ಣಾಂಕಗಳಿಗಾಗಿ ಇರುವ ಬಿಗ್‌ಇಂಟ್, ಅಕ್ಷರಗಳ ಸಾಲಾದ ಸ್ಟ್ರಿಂಗ್, ಹೌದು ಅಥವಾ ಅಲ್ಲ ಎಂದು ಮಾತ್ರ ಹೇಳುವ ಬೂಲಿಯನ್, ಸಿಂಬಲ್, ಇನ್ನೂ ಏನನ್ನೂ ಕೊಟ್ಟಿಲ್ಲವೆಂಬುದನ್ನು ಸೂಚಿಸುವ ಅನ್‌ಡಿಫೈನ್ಡ್, ಬೇಕೆಂದೇ ಬರಿದಾಗಿ ಇಟ್ಟಿದೆಯೆಂಬುದನ್ನು ಸೂಚಿಸುವ ನಲ್. ಸರಳ ಮೌಲ್ಯವು ಎಂದಿಗೂ ಬದಲಾಗುವುದಿಲ್ಲ. ಐದನ್ನು ತಿದ್ದಿ ಆರಾಗಿ ಮಾಡಲು ಬಾರದು. ಐದರ ಸ್ಥಾನದಲ್ಲಿ ಆರನ್ನು ಇಡಬಹುದು, ಅಷ್ಟೆ.

ಎರಡನೆಯ ಜಾತಿಯವು ಆಬ್ಜೆಕ್ಟ್‌ಗಳು, ಎಂದರೆ ವಸ್ತುಗಳು. ಅನೇಕ ಮೌಲ್ಯಗಳನ್ನು ಒಟ್ಟುಗೂಡಿಸಿದ ಪಟ್ಟಿ, ವಿವರಪತ್ರ ಮೊದಲಾದುವೆಲ್ಲ ಈ ಜಾತಿಗೆ ಸೇರಿದುವು. ವಸ್ತುವಿನ ಒಳಗಿರುವುದನ್ನು ತಿದ್ದಬಹುದು. ತಿದ್ದಿದ ಮೇಲೂ ಅದು ಅದೇ ವಸ್ತುವಾಗಿ ಉಳಿಯುತ್ತದೆ.

ಸರಳ ಮೌಲ್ಯಗಳಲ್ಲಿಯೂ ಎಚ್ಚರ ಬೇಕು. 0.1ಕ್ಕೆ 0.2ನ್ನು ಕೂಡಿಸಲು ಹೇಳಿದರೆ ಬರುವ ಉತ್ತರ 0.30000000000000004. ಕಾರಣವೇನು? ಸಂಖ್ಯೆಯೊಂದಕ್ಕೆ ಇಲ್ಲಿ 64 ಬಿಟ್‌ಗಳಷ್ಟೇ ಸ್ಥಳ. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಕೊನೆಯಿಲ್ಲದೆ ಸಾಗುವಂತೆ, ಹತ್ತನೆಯ ಒಂದು ಭಾಗವನ್ನು ದ್ವಿಮಾನ ಪದ್ಧತಿಯಲ್ಲಿ ಬರೆದರೆ ಅದಕ್ಕೂ ಕೊನೆಯಿಲ್ಲ. ಎಲ್ಲೋ ಒಂದೆಡೆ ಕತ್ತರಿಸಲೇಬೇಕು. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಅಳತೆಪಟ್ಟಿಗೆ ಮಿತಿಯುಂಟೆಂದು ಒಪ್ಪಿಕೊಳ್ಳುವಂತೆ ಇಲ್ಲಿಯೂ ಒಪ್ಪಿಕೊಳ್ಳಬೇಕು: ಎರಡು ದಶಮಾಂಶಗಳು ಸಮವೇ ಎಂದು ಕೇಳುವ ಬದಲು, ಅವುಗಳ ವ್ಯತ್ಯಾಸ ತಕ್ಕಷ್ಟು ಚಿಕ್ಕದೇ ಎಂದು ಕೇಳಬೇಕು. ಹಣದ ಲೆಕ್ಕವನ್ನು ರೂಪಾಯಿಗಳ ದಶಮಾಂಶದಲ್ಲಿಡುವುದಕ್ಕಿಂತ ಪೈಸೆಗಳ ಪೂರ್ಣಾಂಕದಲ್ಲಿಡುವುದು ಲೇಸು. ಪೂರ್ಣಾಂಕಗಳಿಗೂ ಒಂದು ಎಲ್ಲೆಯುಂಟು. 9007199254740991ರವರೆಗೆ ಎಣಿಕೆ ನಿಖರ. ಆ ಸಂಖ್ಯೆಗೆ ಒಂದನ್ನು ಕೂಡಿಸಿದರೂ ಎರಡನ್ನು ಕೂಡಿಸಿದರೂ ಒಂದೇ ಉತ್ತರ ಬರುತ್ತದೆ!

ಸ್ಟ್ರಿಂಗಿನ ವಿಷಯದಲ್ಲಿ ಕನ್ನಡಿಗರಿಗೆ ಒಂದು ವಿಶೇಷವಿದೆ. ‘ಕನ್ನಡ’ ಎಂಬ ಪದದ ಉದ್ದವನ್ನು ಕೇಳಿದರೆ ಜಾವಾಸ್ಕ್ರಿಪ್ಟ್ 5 ಎನ್ನುತ್ತದೆ. ನಮಗೆ ಕಾಣುವುದು ಮೂರೇ ಅಕ್ಷರ. ಆದರೆ ಯಂತ್ರದೊಳಗೆ ‘ನ್ನ’ ಎಂಬ ಒತ್ತಕ್ಷರವು ನಕಾರ, ಅದರ ಸ್ವರವನ್ನು ಕಳೆಯುವ ಹಲಂತದ ಗುರುತು, ಮತ್ತೊಂದು ನಕಾರ ಎಂದು ಮೂರು ಸಂಕೇತಗಳಾಗಿ ಕುಳಿತಿದೆ. ಪುಟದ ಚೌಕದಲ್ಲಿ ನಾವು ಬರೆದ 35 ಮತ್ತು 40 ಕೂಡ ಪ್ರೋಗ್ರಾಮಿಗೆ ಸಾಮಾನ್ಯವಾಗಿ ತಲಪುವುದು ಸ್ಟ್ರಿಂಗ್‌ಗಳಾಗಿಯೇ. ಅವುಗಳ ನಡುವೆ ಕೂಡುವ ಚಿಹ್ನೆಯನ್ನು ಹಾಕಿದರೆ 75 ಬರುವುದಿಲ್ಲ. ಎರಡೂ ಜೋಡಿಸಿಕೊಂಡು 3540 ಆಗುತ್ತದೆ. ಕೂಡಿಸುವ ಮೊದಲು ಅವುಗಳನ್ನು ಸಂಖ್ಯೆಗಳಾಗಿ ಪರಿವರ್ತಿಸುವುದು ನಮ್ಮ ಹೊಣೆ.

ಹೆಸರು ಪೆಟ್ಟಿಗೆಯಲ್ಲ

ಮೌಲ್ಯಕ್ಕೆ ಹೆಸರಿಡಲು ಲೆಟ್ ಮತ್ತು ಕಾನ್‌ಸ್ಟ್ ಎಂಬ ಎರಡು ಪದಗಳಿವೆ. ಪ್ರೋಗ್ರಾಮಿನಲ್ಲಿ ಇವನ್ನು ರೋಮನ್ ಲಿಪಿಯಲ್ಲೇ ಬರೆಯಬೇಕು. ಆದರೆ ನಾವು ಇಡುವ ಹೆಸರುಗಳು ಕನ್ನಡ ಲಿಪಿಯಲ್ಲಿದ್ದರೂ ಭಾಷೆ ಒಪ್ಪುತ್ತದೆ. ಈಗ ಎರಡು ಉದಾಹರಣೆಗಳನ್ನು ನೋಡೋಣ.

ಲೆಟ್ ಅಂಕ = 35;
ಲೆಟ್ ಪ್ರತಿ = ಅಂಕ;
ಪ್ರತಿ = 40;

ಇಲ್ಲಿ ‘ಅಂಕ’ 35 ಆಗಿಯೇ ಉಳಿಯುತ್ತದೆ. ಇದರಲ್ಲಿ ಸೋಜಿಗವಿಲ್ಲ. ಇನ್ನೊಂದು:

ಕಾನ್‌ಸ್ಟ್ ಮೂಲ = [35, 62, 48];
ಕಾನ್‌ಸ್ಟ್ ನಕಲು = ಮೂಲ;
ನಕಲು[0] = 40;

ಈಗ ‘ಮೂಲ’ದ ಮೊದಲನೆಯ ಅಂಕ ಎಷ್ಟು? 35 ಅಲ್ಲ, 40. ನಕಲನ್ನು ತಿದ್ದಿದರೆ ಮೂಲವೂ ಕೆಟ್ಟಿತು. ಏಕೆಂದರೆ ಎರಡನೆಯ ಸಾಲಿನಲ್ಲಿ ನಕಲು ಆಗಲೇ ಇಲ್ಲ. ಇದ್ದ ಒಂದೇ ಪಟ್ಟಿಗೆ ಎರಡನೆಯ ಹೆಸರು ಬಂದಿತು. ಒಬ್ಬರೇ ಮನೆಯಲ್ಲಿ ‘ಅಪ್ಪ’, ಶಾಲೆಯಲ್ಲಿ ‘ಮೇಷ್ಟರು’. ಮೇಷ್ಟರಿಗೆ ಜ್ವರ ಬಂದರೆ ಅಪ್ಪನಿಗೂ ಬಂದಂತೆಯೇ. ಹೆಸರು ವಸ್ತುವನ್ನು ತುಂಬಿಟ್ಟ ಪೆಟ್ಟಿಗೆಯಲ್ಲ. ವಸ್ತುವಿನತ್ತ ತೋರುವ ಬೆರಳು. ಈ ಪಾಠದಲ್ಲಿ ನೆನಪಿಡಬೇಕಾದ ಮಾತು ಒಂದೇ ಆದರೆ ಅದು ಇದು.

ಇದರಿಂದ ನಾಲ್ಕು ಸಂಗತಿಗಳು ತಾವಾಗಿಯೇ ಹೊರಡುತ್ತವೆ. ಮೊದಲನೆಯದಾಗಿ, ಕಾನ್‌ಸ್ಟ್ ಎಂಬುದು ಬೆರಳನ್ನು ಸ್ಥಿರಗೊಳಿಸುತ್ತದೆಯೇ ಹೊರತು ವಸ್ತುವನ್ನಲ್ಲ. ಮೇಲಿನ ಪಟ್ಟಿ ಕಾನ್‌ಸ್ಟ್ ಆಗಿದ್ದರೂ ಅದರ ಒಳಭಾಗ ಬದಲಾಯಿತಷ್ಟೆ. ಎರಡನೆಯದಾಗಿ, ಒಂದೇ ಬಗೆಯ ಅಂಕಗಳುಳ್ಳ ಎರಡು ಪ್ರತ್ಯೇಕ ಪಟ್ಟಿಗಳನ್ನು ಸಮವೇ ಎಂದು ಕೇಳಿದರೆ ಉತ್ತರ ಅಲ್ಲ ಎಂದೇ. ವಸ್ತುಗಳಲ್ಲಿ ಯಂತ್ರವು ನೋಡುವುದು ಎರಡು ಬೆರಳುಗಳೂ ಒಂದೇ ವಸ್ತುವನ್ನು ತೋರುತ್ತಿವೆಯೇ ಎಂಬುದನ್ನು. ಮೂರನೆಯದಾಗಿ, ಪಟ್ಟಿಯನ್ನು ಒಂದು ಫಂಕ್ಷನ್‌ಗೆ ಒಪ್ಪಿಸಿದಾಗ ಅದು ಒಳಗೆ ಮಾಡಿದ ತಿದ್ದುಪಡಿ ಹೊರಗಿನ ಪಟ್ಟಿಯಲ್ಲಿಯೂ ಕಾಣುತ್ತದೆ. ನಾಲ್ಕನೆಯದಾಗಿ, ನಿಜವಾದ ನಕಲು ಬೇಕಾದರೆ ಅದನ್ನು ಕೇಳಿ ಪಡೆಯಬೇಕು. [...ಮೂಲ] ಎಂದು ಬರೆದರೆ ಹೊಸ ಪಟ್ಟಿ ದೊರೆಯುತ್ತದೆ. ಆದರೆ ಇದು ಮೇಲ್ಪದರದ ನಕಲು. ಪಟ್ಟಿಯೊಳಗೆ ಮತ್ತೆ ಪಟ್ಟಿಗಳಿದ್ದರೆ ಒಳಗಿನವು ಹಂಚಿಕೆಯಾಗಿಯೇ ಉಳಿಯುತ್ತವೆ. ಬುಡದವರೆಗೆ ನಕಲಿಸಲು ಸ್ಟ್ರಕ್ಚರ್ಡ್‌ಕ್ಲೋನ್ ಎಂಬ ಸಾಧನವಿದೆ.

ಪ್ರಶ್ನೆಗೆ ತಕ್ಕ ರಚನೆ

ಇನ್ನು ವಸ್ತುಗಳನ್ನು ಯಾವ ಕ್ರಮದಲ್ಲಿ ಜೋಡಿಸಿಡಬೇಕೆಂಬ ವಿಚಾರ. ದತ್ತಾಂಶವನ್ನು ಕುರಿತು ನಾವು ಮುಂದೆ ಯಾವ ಪ್ರಶ್ನೆಯನ್ನು ಕೇಳುವೆವೋ ಅದಕ್ಕೆ ತಕ್ಕ ರಚನೆಯನ್ನು ಆರಿಸಬೇಕು.

ಕ್ರಮವೇ ಮುಖ್ಯವಾದಲ್ಲಿ ಅರೇ, ಎಂದರೆ ಪಟ್ಟಿ, ತಕ್ಕುದು. ಇದರ ಸ್ಥಾನಗಳ ಎಣಿಕೆ ಸೊನ್ನೆಯಿಂದ ಮೊದಲಾಗುತ್ತದೆ. ಕೊನೆಯಲ್ಲಿ ಸೇರಿಸಿ ಕೊನೆಯಿಂದಲೇ ತೆಗೆದರೆ, ಒಂದರ ಮೇಲೊಂದು ಇಟ್ಟ ತಟ್ಟೆಗಳಂತೆ, ಕೊನೆಗೆ ಬಂದುದು ಮೊದಲು ಹೊರಡುತ್ತದೆ. ಇದಕ್ಕೆ ಸ್ಟ್ಯಾಕ್ ಎಂದು ಹೆಸರು. ಕೊನೆಯಲ್ಲಿ ಸೇರಿಸಿ ಮೊದಲಿನಿಂದ ತೆಗೆದರೆ ಅದು ಟಿಕೆಟ್ ಕೊಳ್ಳುವವರ ಸರತಿ ಸಾಲು, ಎಂದರೆ ಕ್ಯೂ.

ಪಟ್ಟಿಯ ವಿಂಗಡಣೆಯಲ್ಲಿ ಒಂದು ಹಳ್ಳವಿದೆ. 35, 100, 9, 62 ಎಂಬ ಅಂಕಗಳನ್ನು ಸಾರ್ಟ್ ಎಂಬ ಸಾಧನಕ್ಕೆ ಸುಮ್ಮನೆ ಒಪ್ಪಿಸಿದರೆ 100, 35, 62, 9 ಎಂದು ಜೋಡಿಸುತ್ತದೆ. ಬೇರೆ ಸೂಚನೆಯಿಲ್ಲದಿದ್ದರೆ ಅದು ಸಂಖ್ಯೆಗಳನ್ನು ಸ್ಟ್ರಿಂಗ್‌ಗಳೆಂದು ಬಗೆದು ನಿಘಂಟಿನ ಕ್ರಮದಲ್ಲಿಡುತ್ತದೆ. ಎರಡರಲ್ಲಿ ಯಾವುದು ಮುಂದು ಎಂಬುದನ್ನು ಕಳೆಯುವ ಲೆಕ್ಕದಿಂದ ತಿಳಿಸುವ ಒಂದು ಫಂಕ್ಷನ್ನನ್ನು ಜೊತೆಗೆ ಕೊಡಬೇಕು. ಅಲ್ಲದೆ ಸಾರ್ಟ್ ಹೊಸ ಪಟ್ಟಿಯನ್ನು ಮಾಡುವುದಿಲ್ಲ. ಇದ್ದ ಪಟ್ಟಿಯನ್ನೇ ಅಲುಗಿಸುತ್ತದೆ. ಅದೇ ಪಟ್ಟಿಗೆ ಬೇರೆ ಹೆಸರುಗಳಿದ್ದರೆ ಅಲ್ಲಿಯೂ ಕ್ರಮ ಬದಲಾಗಿರುತ್ತದೆ.

ಕ್ರಮಸಂಖ್ಯೆಯನ್ನು ಕೊಟ್ಟು ಅದಕ್ಕೆ ಸೇರಿದ ವಿವರವನ್ನು ಪಡೆಯಬೇಕಾದಲ್ಲಿ ಮ್ಯಾಪ್ ತಕ್ಕುದು. ಒಂದು ಸಾವಿರ ಹೆಸರುಗಳ ಪಟ್ಟಿಯಲ್ಲಿ ಒಂದನ್ನು ಹುಡುಕಲು ಸಾವಿರ ಬಾರಿಯವರೆಗೂ ಹೋಲಿಸಬೇಕಾದೀತು. ಮ್ಯಾಪ್ ಹಾಗೆ ಆದಿಯಿಂದ ಅಂತ್ಯದವರೆಗೆ ಹುಡುಕುವುದಿಲ್ಲ. ಕ್ಷೇತ್ರಗಳ ಹೆಸರು ಮೊದಲೇ ಗೊತ್ತಿರುವ ವಿವರಪತ್ರಕ್ಕಾದರೆ ಸಾಮಾನ್ಯ ಆಬ್ಜೆಕ್ಟ್ ಸಾಕು.

ಇದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆಯಾದಲ್ಲಿ ಸೆಟ್ ಇದೆ. ಇದರಲ್ಲಿ ಒಂದು ಮೌಲ್ಯ ಎರಡು ಬಾರಿ ಇರಲಾರದು. 60,000 ಕ್ರಮಸಂಖ್ಯೆಗಳಲ್ಲಿ ಯಾವುದು ಪುನರುಕ್ತವಾಗಿದೆಯೆಂದು ಪ್ರತಿಯೊಂದನ್ನೂ ಮಿಕ್ಕವುಗಳೊಡನೆ ಹೋಲಿಸಹೊರಟರೆ ಸುಮಾರು 180 ಕೋಟಿ ಹೋಲಿಕೆಗಳು ಬೇಕಾದಾವು. ಒಂದೊಂದನ್ನೇ ಸೆಟ್ಟಿಗೆ ಸೇರಿಸುತ್ತ, ಮೊದಲೇ ಇದೆಯೇ ಎಂದು ಕೇಳುತ್ತ ಹೋದರೆ 60,000 ಬಾರಿ ಕೇಳಿದರಾಯಿತು. ಯಂತ್ರ ಅದೇ, ದತ್ತಾಂಶವೂ ಅದೇ. ಇಟ್ಟ ಕ್ರಮ ಮಾತ್ರ ಬೇರೆ.

ಜಾವಾಸ್ಕ್ರಿಪ್ಟಿನ ವಾಕ್ಯಗಳನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಆದರೆ ಒಂದು ಸಾಲನ್ನು ಬರೆಯುವಾಗ ‘ಇದು ಸರಳ ಮೌಲ್ಯವೋ ವಸ್ತುವೋ? ಇದಕ್ಕೆ ಬೇರೆ ಹೆಸರುಗಳುಂಟೇ? ಇದನ್ನು ನಾನು ಏನು ಕೇಳಲಿದ್ದೇನೆ?’ ಎಂಬ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವ ಅಭ್ಯಾಸ ಕಾಲಕ್ರಮದಲ್ಲಿ ಬರತಕ್ಕದ್ದು. ಆ ಅಭ್ಯಾಸ ಬೇರೆ ಭಾಷೆಗಳನ್ನು ಕಲಿಯುವಾಗಲೂ ಕೈಬಿಡುವುದಿಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು

ಕಂಪ್ಯೂಟರಿನ ಬ್ರೌಸರಿನಲ್ಲಿರುವ ಕನ್ಸೋಲ್ ಎಂಬ ಭಾಗದಲ್ಲಿ ಇವುಗಳನ್ನು ಪರೀಕ್ಷಿಸಬಹುದು. ಮೊದಲು ಉತ್ತರವನ್ನು ಕಾಗದದ ಮೇಲೆ ಬರೆದು, ಅನಂತರವೇ ಯಂತ್ರವನ್ನು ಕೇಳಿರಿ.

1. ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದರೆ ಅದರ ಉದ್ದ ಎಷ್ಟೆಂದು ಯಂತ್ರ ಹೇಳುತ್ತದೆ? ಏಕೆ?
2. 35, 62 ಎಂಬ ಅಂಕಗಳುಳ್ಳ ಎರಡು ಪ್ರತ್ಯೇಕ ಪಟ್ಟಿಗಳನ್ನು ಒಂದು ಸೆಟ್ಟಿಗೆ ಸೇರಿಸಿದರೆ, ಅದರಲ್ಲಿ ಎಷ್ಟು ಸದಸ್ಯರಿರುತ್ತಾರೆ?
3. ಪಟ್ಟಿಯೊಳಗೊಂದು ಪಟ್ಟಿಯನ್ನಿಟ್ಟು [...ಮೂಲ] ಕ್ರಮದಿಂದ ನಕಲಿಸಿ, ನಕಲಿನ ಒಳಪಟ್ಟಿಯನ್ನು ತಿದ್ದಿದರೆ ಮೂಲಕ್ಕೆ ಏನಾಗುತ್ತದೆ?
4. ಗ್ರಂಥಾಲಯದ ಪುಸ್ತಕಗಳನ್ನು ಸಂಖ್ಯೆಯ ಮೂಲಕ ಹುಡುಕಲು ಯಾವ ರಚನೆ ತಕ್ಕುದು? ಅವುಗಳನ್ನು ಹಿಂದಿರುಗಿಸಲು ನಿಂತ ಓದುಗರ ಸಾಲಿಗೆ ಯಾವುದು?