ತುಂಬಿದ ಕೆರೆ ನೆರೆ ತಡೆದೀತೇ?

ಮಕ್ಕಳೇ, ಹಳ್ಳಿಯಲ್ಲಿ ಕೆರೆ ಕೋಡಿ ಬಿದ್ದರೆ ಸಂಭ್ರಮ. ಊರವರೆಲ್ಲ ಸೇರಿ ಬಾಗಿನ ಅರ್ಪಿಸುತ್ತಾರೆ. ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ಮಾತ್ರ ಕೆರೆ ತುಂಬಿತೆಂದರೆ ಭಯ. ಏಕೆ ಗೊತ್ತೇ?

ಬೆಂಗಳೂರು ಎತ್ತರದ ದಿಣ್ಣೆಯ ಮೇಲಿದೆ. ಅಲ್ಲಿ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ಹಿಂದಿನವರು ಈ ಕಣಿವೆಗಳಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕೆರೆ ಕಟ್ಟಿದರು. ಏರಿ ಎಂದರೆ ಮಣ್ಣಿನ ಪುಟ್ಟ ಅಣೆಕಟ್ಟೇ. ಒಂದು ಕೆರೆಯ ಹೆಚ್ಚಿನ ನೀರು ಕೋಡಿಯಲ್ಲಿ ಹರಿದು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುತ್ತಿತ್ತು.

ಈಗ ಒಂದು ಲೆಕ್ಕ ಮಾಡಿ. 5 ಹೆಕ್ಟೇರ್ ವಿಸ್ತಾರದ ಕೆರೆಯಲ್ಲಿ ನೀರು ಕೋಡಿಗಿಂತ 1 ಮೀಟರ್ ಕೆಳಗಿದೆ ಎನ್ನಿ. 1 ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಆದ್ದರಿಂದ ಅಲ್ಲಿ ಸುಮಾರು 50,000 ಘನ ಮೀಟರ್, ಅಂದರೆ 5 ಕೋಟಿ ಲೀಟರ್ ನೀರಿಗೆ ಜಾಗವಿದೆ. 10,000 ಲೀಟರ್ ಹಿಡಿಯುವ 5,000 ಟ್ಯಾಂಕರ್‌ಗಳ ನೀರು! ಬಿರುಮಳೆಯ ನೀರು ಇಲ್ಲಿ ನಿಂತು, ತೂಬಿನ ಮೂಲಕ ನಿಧಾನವಾಗಿ ಹೊರಹೋಗುತ್ತದೆ. ಕೆರೆ ಮೊದಲೇ ತುಂಬಿದ್ದರೆ? ಬಂದ ನೀರಿನ ಬಹುಪಾಲು ಹಾಗೆಯೇ ಮುಂದಕ್ಕೆ ನುಗ್ಗುತ್ತದೆ. ನೆರೆಯನ್ನು ತಡೆಯುವುದು ಕೆರೆಯ ನೀರಲ್ಲ, ಕೆರೆಯ ಖಾಲಿ ಜಾಗ.

ಹಿಂದೆ ರೈತರು ತೂಬು ತೆರೆದು ಗದ್ದೆಗೆ ನೀರು ಹಾಯಿಸುತ್ತಿದ್ದರು. ಬೇಸಿಗೆಯ ಹೊತ್ತಿಗೆ ಕೆರೆ ಇಳಿದು, ಮುಂದಿನ ಮಳೆಗೆ ಜಾಗ ತಾನಾಗಿ ಸಿದ್ಧವಾಗುತ್ತಿತ್ತು. ಈಗ ಗದ್ದೆಗಳಲ್ಲಿ ಮನೆಗಳೆದ್ದಿವೆ. ಎಷ್ಟೋ ಕೆರೆಗಳಿಗೆ ವರ್ಷವಿಡೀ ಬಚ್ಚಲು ನೀರು ಬಂದು ಬೀಳುತ್ತದೆ. ಧರ್ಮಾಂಬುಧಿ ಕೆರೆಯಂತೂ ಕೆಂಪೇಗೌಡ ಬಸ್ ನಿಲ್ದಾಣವೇ ಆಗಿದೆ! 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ಜನ ಟ್ರ್ಯಾಕ್ಟರ್, ದೋಣಿಗಳಲ್ಲಿ ಓಡಾಡಬೇಕಾಯಿತು.

ಹಾಗಾದರೆ ಕೆರೆಯನ್ನು ಪೂರ್ತಿ ಬರಿದು ಮಾಡಿಡೋಣವೇ? ಆಗ ಮೀನು, ಕಪ್ಪೆ, ಗುಳುಮುಳುಕ ಎಲ್ಲಿಗೆ ಹೋಗಬೇಕು? ಇದಕ್ಕೊಂದು ಉಪಾಯವಿದೆ. ತಳದಲ್ಲಿ ಸ್ವಲ್ಪ ನೀರನ್ನು ಸದಾ ಉಳಿಸಿಕೊಂಡು, ಅದರ ಮೇಲಿನ ಭಾಗವನ್ನು ಮಳೆಗಾಲಕ್ಕೆ ಖಾಲಿ ಬಿಡುವುದು. ಕೆರೆಯ ಅಂಚು ಇಳಿಜಾರಾಗಿರಬೇಕು. ಅಲ್ಲಿ ಜೊಂಡು, ಆಪು ಬೆಳೆದು ನೀರಿನ ಕೊಳೆಯನ್ನು ಸ್ವಲ್ಪಮಟ್ಟಿಗೆ ಕಳೆಯುತ್ತವೆ. ಬೆಳ್ಳಕ್ಕಿಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನು ಹಿಡಿಯುತ್ತವೆ. ಸುತ್ತಲೂ ನೆಟ್ಟಗೆ ಕಲ್ಲಿನ ಗೋಡೆ ಕಟ್ಟಿದ ಕೆರೆ ನೋಡಲು ಚೆಂದ, ಆದರೆ ಬೆಳ್ಳಕ್ಕಿಗೆ ಅಲ್ಲಿ ಕಾಲೂರಲು ಜಾಗವಿಲ್ಲ.

ಕೋಡಿಯಲ್ಲಿ ಕಸ, ಹೂಳು ಕಟ್ಟಿಕೊಳ್ಳಬಾರದು. ಕಟ್ಟಿಕೊಂಡರೆ ನೀರು ಏರಿಯ ಮೇಲೆಯೇ ಹರಿಯುತ್ತದೆ. ಮಣ್ಣಿನ ಏರಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ.

ಮಾಡಿ ನೋಡಿ: ಅಗಲವಾದ ತಟ್ಟೆಯಲ್ಲಿ ಒದ್ದೆ ಮಣ್ಣಿನಿಂದ ಅಡ್ಡಲಾಗಿ ಪುಟ್ಟ ಏರಿ ಕಟ್ಟಿ. ಒಂದು ಬದಿಗೆ ನಿಧಾನವಾಗಿ ನೀರು ಸುರಿಯುತ್ತಾ ಹೋಗಿ. ನೀರು ಏರಿಯನ್ನು ದಾಟಿದ ಕೂಡಲೇ ಏನಾಯಿತು? ಮತ್ತೊಮ್ಮೆ ಏರಿ ಕಟ್ಟಿ, ಈ ಸಲ ಒಂದು ಪಕ್ಕದಲ್ಲಿ ಸ್ವಲ್ಪ ತಗ್ಗಾಗಿ ಕಲ್ಲಿನ ಚೂರುಗಳ ಕೋಡಿ ಮಾಡಿ ನೀರು ಸುರಿಯಿರಿ. ಯಾವ ಏರಿ ಹೆಚ್ಚು ಹೊತ್ತು ನಿಂತಿತು? ಎರಡರ ಚಿತ್ರವನ್ನೂ ಬರೆದು ನಿಮ್ಮ ಗುರುಗಳಿಗೆ ತೋರಿಸಿ.