ಮಕರ: ರಾಶಿಯಲ್ಲಿಯೂ ಶಿಲೆಯಲ್ಲಿಯೂ

ಗರ್ಭಗುಡಿಯ ಮುಂದೆ ಕೈಮುಗಿದು ನಿಂತವರು ದೇವರ ಹಿಂದಿರುವ ಪ್ರಭಾವಳಿಯನ್ನು ಗಮನವಿಟ್ಟು ನೋಡಿದರೆ, ನೆತ್ತಿಯಲ್ಲಿ ಸಿಂಹಮುಖವೂ ಇಕ್ಕೆಲಗಳಲ್ಲಿ ಎರಡು ವಿಲಕ್ಷಣ ಪ್ರಾಣಿಗಳೂ ಕಾಣಬರುವುವು. ಮೂತಿ ಆನೆಯ ಸೊಂಡಿಲಿನಂತೆ ಮೇಲಕ್ಕೆ ಸುರುಳಿಗೊಂಡಿದೆ, ದವಡೆ ಮೊಸಳೆಯದು, ಬಾಲ ಮೀನಿನದೋ ಬಳ್ಳಿಯದೋ ಹೇಳಲಾಗದು. ಇದೇ ಮಕರ. ಅಭಿಷೇಕದ ತೀರ್ಥವು ಹೊರಬೀಳುವ ಕಲ್ಲಿನ ಪ್ರನಾಳದಲ್ಲಿಯೂ ಅನೇಕ ಕಡೆ ಇದೇ ಬಾಯಿ ತೆರೆದುಕೊಂಡಿರುತ್ತದೆ. ಪಂಚಾಂಗವನ್ನು ಬಿಚ್ಚಿದರೆ ಅಲ್ಲಿಯೂ ಅದೇ ಹೆಸರು: ದ್ವಾದಶ ರಾಶಿಗಳಲ್ಲಿ ಹತ್ತನೆಯದು ಮಕರ. ಕಾಸರಗೋಡಿನ ಸೀಮೆಯಲ್ಲಿ ಸೌರಮಾನವು ರೂಢಿಯಲ್ಲಿರುವುದರಿಂದ, ಮಲಯಾಳದಲ್ಲಿ ‘ಮಕರಂ’ ಎಂದೂ ತುಳುವಿನಲ್ಲಿ ‘ಪುಯಿಂತೆಲ್’ ಎಂದೂ ಕರೆಯಲ್ಪಡುವ ತಿಂಗಳು ಸೂರ್ಯನು ಈ ರಾಶಿಯನ್ನು ಹೊಕ್ಕಾಗ ಆರಂಭವಾಗುವುದೆಂಬುದು ಹೆಚ್ಚಿನವರಿಗೆ ತಿಳಿದದ್ದೇ. ಕಲ್ಲಿನ ಮಕರಕ್ಕೂ ಆಕಾಶದ ಮಕರಕ್ಕೂ ಏನು ನಂಟೆಂಬುದು ಮಾತ್ರ ವಿಚಾರಣೀಯವಾಗಿದೆ.

ಪುರಾಣಗಳಲ್ಲಿ ಮಕರವು ನೀರಿನ ಪ್ರಭುತ್ವದ ಲಾಂಛನ. ಅದು ವರುಣನ ವಾಹನ, ಗಂಗೆಯ ವಾಹನ. ಸಮುದ್ರಕ್ಕೆ ಮಕರಾಲಯವೆಂಬ ಹೆಸರೇ ಉಂಟು. ಮನ್ಮಥನ ಧ್ವಜದಲ್ಲಿ ಅದಿರುವುದರಿಂದ ಅವನು ಮಕರಧ್ವಜನು. ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತನು ತನ್ನ ವಿಭೂತಿಗಳನ್ನು ಎಣಿಸುತ್ತ, ಮತ್ಸ್ಯಗಳಲ್ಲಿ ತಾನು ಮಕರನೆನ್ನುತ್ತಾನೆ. ಮಕರವೆಂದರೆ ಮೊಸಳೆಯೆಂದೇ ಕೆಲವರು ಅರ್ಥಮಾಡುವರು; ಶಿಲ್ಪಿಯ ಉಳಿ ಆ ಮಾತಿಗೆ ಪೂರ್ಣವಾಗಿ ಒಪ್ಪಿಲ್ಲ. ನೆಲದ ಪ್ರಾಣಿಯ ಮುಂಭಾಗಕ್ಕೆ ನೀರಿನ ಪ್ರಾಣಿಯ ಹಿಂಭಾಗವನ್ನು ಅದು ಯಾವಾಗಲೂ ಜೋಡಿಸಿದೆ.

ಭಾಗವತದ ಎಂಟನೆಯ ಸ್ಕಂಧದ ಗಜೇಂದ್ರಮೋಕ್ಷವನ್ನು ಇಲ್ಲಿ ನೆನೆಯಬೇಕು. ಕೊಳದಲ್ಲಿ ಆನೆಯ ಕಾಲನ್ನು ಹಿಡಿದ ನಕ್ರವು ಮೊದಲು ಹೂಹೂ ಎಂಬ ಗಂಧರ್ವನಾಗಿದ್ದು ದೇವಲ ಋಷಿಯ ಶಾಪದಿಂದ ಹಾಗಾದವನು. ಹರಿಯ ಚಕ್ರವು ಅದರ ಬಾಯನ್ನು ಸೀಳಿದಾಗ ಗಜೇಂದ್ರನ ಕಾಲು ಬಿಟ್ಟಿತು; ಹಿಡಿದವನಿಗೂ ಬಿಡುಗಡೆಯಾಯಿತು. ಕಥೆ ಹೇಳುವವರು ಆನೆಯ ಮೊರೆಯಲ್ಲಿಯೇ ನಿಂತುಬಿಡುವುದರಿಂದ ನಕ್ರನ ಪಾಲಿನ ಈ ಕೃಪೆ ಎಷ್ಟೋ ಸಲ ಕೇಳುವವರ ಕಿವಿಗೆ ಬೀಳುವುದಿಲ್ಲ. ಅದೇ ಹರಿಯ ಕಿವಿಗಳಲ್ಲಿ ತೂಗುವುದು ಮಕರಕುಂಡಲ. ನೀರಿನೊಳಗಿಂದ ಬಂದು ಹಿಡಿಯುವ ದವಡೆಯು ದೇವರ ಕೆನ್ನೆಯ ಪಕ್ಕದಲ್ಲಿ ಆಭರಣವಾಗಿ ಹೊಳೆಯುವುದನ್ನು ಕಂಡ ಭಕ್ತನು ಈ ಎರಡನ್ನೂ ಸೇರಿಸಿ ಯೋಚಿಸುವುದು ಸಹಜವೇ.

ಕುಂಬಳೆಯ ಸಮೀಪದ ಅನಂತಪುರದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಸರೋವರದ ನಡುವಿನ ಆ ಅನಂತಪದ್ಮನಾಭನ ಸನ್ನಿಧಿ ತಿರುವನಂತಪುರದ ಪದ್ಮನಾಭನಿಗೆ ಮೂಲಸ್ಥಾನವೆಂಬ ನಂಬಿಕೆಯುಂಟು. ಅಲ್ಲಿಯ ಕೆರೆಯಲ್ಲಿ ‘ಬಬಿಯಾ’ ಎಂಬ ಮೊಸಳೆ ದೀರ್ಘಕಾಲ ಬಾಳಿ, ನೈವೇದ್ಯದ ಅನ್ನವನ್ನು ಸ್ವೀಕರಿಸುತ್ತ, 2022ರ ಅಕ್ಟೋಬರ್ 9ರಂದು ದೇಹಬಿಟ್ಟಿತು. ಕ್ಷೇತ್ರದ ಆವರಣದಲ್ಲಿಯೇ ಅದನ್ನು ಸಮಾಧಿಮಾಡಿದರು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡಿತು. ಮಲಯಾಳದವರು ‘ಮುತಲ’ ಎನ್ನಲಿ, ಕನ್ನಡಿಗರು ‘ಮೊಸಳೆ’ ಎನ್ನಲಿ, ಕೈಮುಗಿಯುವಾಗ ಭಾಷೆಯ ಭೇದವಿರಲಿಲ್ಲ.

ಇನ್ನು ಆಕಾಶದ ಮಕರ. ಬಾಬಿಲೋನಿಯದವರು ಆ ನಕ್ಷತ್ರಗಳಲ್ಲಿ ಮೀನಿನ ಬಾಲವುಳ್ಳ ಮೇಕೆಯನ್ನು ಕಂಡರು. ಅದು ಜಲಾಧಿದೇವತೆಯಾದ ಏಅನ ಪ್ರಾಣಿ. ಗ್ರೀಕರು ಅದಕ್ಕೆ ‘ಮೇಕೆಯ ಕೊಂಬಿನವನು’ ಎಂಬರ್ಥದ ಹೆಸರಿಟ್ಟು, ಪಾನ್ ಎಂಬ ದೇವತೆಯು ದೈತ್ಯನೊಬ್ಬನ ಭಯದಿಂದ ನದಿಗೆ ಹಾರಿ ಅರ್ಧ ಮೀನಾದ ಕಥೆಯನ್ನು ಸೇರಿಸಿದರು. ಆರನೆಯ ಶತಮಾನದ ವರಾಹಮಿಹಿರನು ‘ಬೃಹಜ್ಜಾತಕ’ದಲ್ಲಿ ಈ ರಾಶಿಗೆ ಕೊಡುವ ಪರ್ಯಾಯನಾಮ ‘ಆಕೋಕೇರ’; ಅದು ಆ ಗ್ರೀಕ್ ಪದದ ಮಾರ್ಪಾಡೆಂಬುದು ಸ್ಪಷ್ಟ. ಆದರೆ ಇಲ್ಲಿಯವರು ಮೇಕೆಯನ್ನು ಹಾಗೆಯೇ ತೆಗೆದುಕೊಳ್ಳಲಿಲ್ಲ. ಗಂಗೆಯ ವಾಹನವು ಮೊದಲೇ ಕಣ್ಣಿಗೆ ಪರಿಚಿತವಾಗಿದ್ದುದರಿಂದ ಅದನ್ನೇ ಆ ಸ್ಥಾನದಲ್ಲಿರಿಸಿ, ಜಿಂಕೆಯ ಮುಖವನ್ನು ಕೊಟ್ಟರು. ವಿದ್ಯೆ ಹೊರಗಿನಿಂದ ಬಂದರೂ ರೂಪವನ್ನು ಈ ನೆಲವೇ ಕೊಟ್ಟಿತು; ಇದರಲ್ಲಿ ನಾಚಬೇಕಾದುದೇನೂ ಇಲ್ಲ. ಶನಿಯ ಮನೆ, ಕುಜನ ಉಚ್ಚ, ಗುರುವಿನ ನೀಚ ಎಂಬ ಫಲಭಾಗದ ವಿವರಗಳನ್ನು ಜೋಯಿಸರ ಬಾಯಿಂದ ಕೇಳಿದವರೇ ಎಲ್ಲರೂ. ಕಾಲಪುರುಷನ ಅಂಗಗಳಲ್ಲಿ ಮಕರಕ್ಕೆ ಸಲ್ಲುವುದು ಮೊಣಕಾಲು, ಅರ್ಥಾತ್ ದೇವರ ಮುಂದೆ ಮೊದಲು ಬಾಗುವ ಅಂಗ.

ಮಕರಕ್ಕೆ ಇಷ್ಟು ಮಹತ್ವ ಬಂದುದು ಉತ್ತರಾಯಣದಿಂದ. ಶರಶಯ್ಯೆಯಲ್ಲಿ ಐವತ್ತೆಂಟು ರಾತ್ರಿಗಳನ್ನು ಕಳೆದ ಭೀಷ್ಮನು ಕಾದುದು ಸೂರ್ಯನು ಉತ್ತರಕ್ಕೆ ತಿರುಗುವುದಕ್ಕಾಗಿ. ಭಾರತದ ಆ ಪ್ರಕರಣದಲ್ಲಿ ಮಾಘಮಾಸದ ಮಾತಿದೆಯೇ ಹೊರತು ಮಕರರಾಶಿಯ ಹೆಸರಿಲ್ಲ. ವೇದಾಂಗ ಜ್ಯೋತಿಷದ ಕಾಲದಲ್ಲಿ ಆ ತಿರುವು ಧನಿಷ್ಠಾ ನಕ್ಷತ್ರದ ಆದಿಯಲ್ಲಿ ಆಗುತ್ತಿತ್ತು. ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಆ ಹಳೆಯ ಮಾತನ್ನು ಗೌರವದಿಂದಲೇ ನೆನೆದು, ಈಗ ಅದು ಮಕರದ ಆದಿಯಲ್ಲಿ ಆಗುತ್ತಿದೆಯೆಂದೂ, ಸಂಶಯವಿದ್ದವರು ಸೂರ್ಯನ ಉದಯಾಸ್ತಗಳ ಗುರುತಿನಿಂದಲೋ ನೆರಳಿನಿಂದಲೋ ಪ್ರತ್ಯಕ್ಷವಾಗಿ ಪರೀಕ್ಷಿಸಬಹುದೆಂದೂ ಬರೆದನು. ಶಾಸ್ತ್ರವನ್ನು ನಂಬಿದವನು ಆಡಿದ ಈ ಧೀರವಾದ ಮಾತನ್ನು ಪಂಚಾಂಗದ ವಾದಗಳಲ್ಲಿ ತೊಡಗುವವರು ಮರೆಯಬಾರದು.

ಅಂದಿನಿಂದ ಇಂದಿನವರೆಗೆ ಆ ತಿರುವು ಇನ್ನೂ ಹಿಂದೆ ಸರಿದಿದೆ. ಭೂಮಿಯ ಅಕ್ಷವು ತಿರುಗುವ ಬುಗುರಿಯಂತೆ ಮೆಲ್ಲನೆ ಓಲಾಡುವುದೇ ಇದಕ್ಕೆ ಕಾರಣ. ನಕ್ಷತ್ರಗಳನ್ನು ಅನುಸರಿಸುವ ವರ್ಷವು ಋತುಗಳನ್ನು ಅನುಸರಿಸುವ ವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘವಾದುದು. ಸುಮಾರು 70 ವರ್ಷಗಳಲ್ಲಿ ಅದು ಒಂದು ದಿನವಾಗುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯಂದು. ಆ ದಿನ 1863ರ ಜನವರಿ 12. ಈಗ ಸಂಕ್ರಾಂತಿ ಬರುವುದು 14 ಅಥವಾ 15ಕ್ಕೆ. ಸೂರ್ಯನು ವಾಸ್ತವವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೇ. ಹಾಗಾದರೆ ಸಂಕ್ರಾಂತಿ ಸುಳ್ಳೋ ಎಂದು ಶಾಲೆಗೆ ಹೋಗುವ ಹುಡುಗರು ಕೇಳುವುದುಂಟು; ಹಿರಿಯರು ಗದರಿಸಿ ಸುಮ್ಮನಾಗಿಸುವುದೂ ಉಂಟು. ಗದರಿಸಬೇಕಾದ ಪ್ರಶ್ನೆ ಅದಲ್ಲ. ಸೂರ್ಯನು ನಿರಯನ ಗಣಿತದಂತೆ ಮಕರವನ್ನು ಹೊಗುವುದೂ ನಿಜ, ಅಯನವು ಅದಕ್ಕೆ ಮೊದಲೇ ತಿರುಗಿರುವುದೂ ನಿಜ. ಒಂದು ಕಾಲದಲ್ಲಿ ಕೂಡಿದ್ದ ಎರಡು ಘಟನೆಗಳು ಬೇರೆಯಾಗಿವೆಯೆಂದು ಹೇಳಿದರೆ ಹುಡುಗನ ಭಕ್ತಿಗೂ ಬುದ್ಧಿಗೂ ಕುಂದಾಗದು.

ದಕ್ಷಿಣಕ್ಕೆ ಹೋದ ಬೆಳಕು ಮರಳುವ ಬಾಗಿಲಲ್ಲಿ ಈ ಪ್ರಾಣಿಯನ್ನು ನಿಲ್ಲಿಸಿದುದನ್ನು ನೋಡಿದ ಮೇಲೆ ಶಿಲ್ಪದ ಮಕರವನ್ನು ಇನ್ನೊಮ್ಮೆ ನೋಡಬೇಕು. ಬಿಹಾರದ ಬರಾಬರ್ ಬೆಟ್ಟದ ಲೋಮಶ ಋಷಿಯ ಗುಹೆಯ ಬಾಗಿಲ ಕಮಾನಿನಲ್ಲಿ ಆನೆಗಳ ಸಾಲಿನ ಎರಡು ತುದಿಗಳಲ್ಲಿಯೂ ಮಕರಗಳಿವೆ. ಗುಪ್ತರ ಕಾಲದ ಗುಡಿಗಳ ಬಾಗಿಲಲ್ಲಿ ಮಕರವನ್ನೇರಿದ ಗಂಗೆಯೂ ಆಮೆಯನ್ನೇರಿದ ಯಮುನೆಯೂ ನಿಂತರು. ಹಳೇಬೀಡಿನಲ್ಲಿ ಮಕರಗಳ ಪಟ್ಟಿಕೆ ಗೋಡೆಯ ಬುಡವನ್ನು ಸುತ್ತಿಬರುತ್ತದೆ. ಒಳಗು ಹೊರಗುಗಳು ಸಂಧಿಸುವಲ್ಲಿ, ನೀರು ನೆಲಗಳು ಸಂಧಿಸುವಲ್ಲಿ ಮಕರವು ಕಾವಲಿಗಿದೆ. ಎರಡು ಲೋಕಗಳ ಮೈಯುಳ್ಳುದಕ್ಕೆ ಗಡಿಯ ಕಾವಲು ಒಪ್ಪುವುದು. ಎರಡು ಭಾಷೆಗಳಲ್ಲಿ ಬಾಳುವ ಗಡಿನಾಡಿನವರಿಗೆ ಅದು ಅಪರಿಚಿತವೆನಿಸಲಾರದು.

ಪ್ರನಾಳದ ಮಕರವಂತೂ ಇವೆಲ್ಲಕ್ಕಿಂತ ಆತ್ಮೀಯವಾದುದು. ದೇವರ ಮೈಮೇಲಿನಿಂದ ಇಳಿದ ನೀರು ಅದರ ಬಾಯಿಂದ ಹೊರಬಿದ್ದು ಭಕ್ತರ ಪಾಲಿಗೆ ಗಂಗೆಯಾಗುತ್ತದೆ. ಶಿವಾಲಯದಲ್ಲಿ ಅದನ್ನು ದಾಟದೆ ಹಿಂದಿರುಗುವುದು ಸಂಪ್ರದಾಯ. ಜೀರ್ಣೋದ್ಧಾರದ ಕಾಲದಲ್ಲಿ ಮೊದಲು ಅಪಾಯಕ್ಕೀಡಾಗುವುದೂ ಇದೇ. ಮೂತಿ ಸವೆದಿದೆ, ಕಿವಿ ಮುರಿದಿದೆ ಎಂದು ಕಿತ್ತು ಹಿತ್ತಲಿಗೆ ಹಾಕಿ ಕೊಳವೆ ಕೂರಿಸುವುದು ಸುಲಭ. ಸಿಮೆಂಟು ಬಳಿದು ಬಾಯಿಕಟ್ಟುವುದು ಇನ್ನೂ ಸುಲಭ. ಆಗಮವನ್ನೂ ಕಲ್ಲಿನ ಕೆಲಸವನ್ನೂ ಬಲ್ಲವರನ್ನು ಕೇಳದೆ ಹಾಗೆ ಮಾಡತಕ್ಕದ್ದಲ್ಲ. ಸವೆದ ಮೂತಿಯು ತಲೆಮಾರುಗಳ ಅಭಿಷೇಕದ ಲೆಕ್ಕವಾಗಿದೆ.

ಆಕಾಶದ ಮಕರವನ್ನು ಕಾಣಬಯಸುವವರು ಸಂಕ್ರಾಂತಿಯ ರಾತ್ರಿ ಹುಡುಕಿ ಫಲವಿಲ್ಲ. ಸೂರ್ಯನು ಆ ದಿಕ್ಕಿನಲ್ಲಿಯೇ ಇರುವುದರಿಂದ ನಕ್ಷತ್ರಗಳು ಅವನೊಡನೆ ಮುಳುಗಿರುತ್ತವೆ. ನವರಾತ್ರಿಯ ದಿನಗಳಲ್ಲಿ ರಾತ್ರಿಪೂಜೆ ಮುಗಿಸಿ ಹೊರಬಂದು ನೆತ್ತಿಯ ಸಮೀಪ ಬೆಳಗುವ ಶ್ರವಣ ನಕ್ಷತ್ರವನ್ನು ಗುರುತಿಸಿ, ಅಲ್ಲಿಂದ ದಕ್ಷಿಣಕ್ಕೆ ತುಸು ಎಡಗಡೆಗೆ ಕಣ್ಣಿಳಿಸಿದರೆ, ಮಂಕಾದ ಚುಕ್ಕೆಗಳಿಂದಾದ ಅಗಲವಾದ ತ್ರಿಕೋಣವೊಂದು ತೋರುವುದು. ಅಂಗಳದ ದೀಪಗಳನ್ನು ಸ್ವಲ್ಪ ಹೊತ್ತು ಆರಿಸಬೇಕಾದೀತು.