ಭಂಡಾರದ ಹಳದಿ ಯಂತ್ರಕ್ಕೆ ಗೊತ್ತಿಲ್ಲ

ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಒಂದೇ: "ಕಾಕಾ, ಎಡಿಟಿಂಗಿಗೆ ಯಾವ ಲ್ಯಾಪ್‌ಟಾಪ್ ತಗೋಬೇಕ್ರಿ?" ಇದಕ್ಕೆ ಉತ್ತರ ಸಣ್ಣದು. 16 ಜಿಬಿ ರ‍್ಯಾಮ್ ಇರಲಿ, ಎಸ್‌ಎಸ್‌ಡಿ ಇರಲಿ, ಮಿಕ್ಕ ರೊಕ್ಕ ಒಳ್ಳೆಯ ಪರದೆಗೆ ಹಾಕು. ಡಾರ್ಕ್‌ಟೇಬಲ್, ಗಿಂಪ್ ಎರಡೂ ಪುಕ್ಕಟೆ ಸಿಗುತ್ತವೆ. ಕಳ್ಳ ಸಾಫ್ಟ್‌ವೇರ್ ಹಾಕಿಕೊಂಡು ವೈರಸ್ ಕರೆದುಕೊಳ್ಳಬೇಡ. ಮುಗಿಯಿತು. ಆದರೆ ಆ ಯಂತ್ರ ನಿನ್ನ ಚಿತ್ರಕ್ಕೆ ಏನು ಮಾಡುತ್ತದೆ ಎಂದು ಒಬ್ಬನೂ ಕೇಳುವುದಿಲ್ಲ. ಕಲಿಯುವುದು ಇರುವುದೆಲ್ಲ ಅಲ್ಲೇ, ತಮ್ಮ.

1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ. ಅಡ್ಡ ನೂರು, ಉದ್ದ ನೂರು ಚುಕ್ಕಿಯ ಕಪ್ಪು-ಬಿಳುಪು ಚಿತ್ರ. ಒಂದನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ಬೇಕಿತ್ತು. ಈಗ ನಿನ್ನ ಜೇಬಿನ ಫೋನು ರಾತ್ರಿ ಹೊತ್ತು ಒಂದೇ ಸಲ ಗುಂಡಿ ಒತ್ತಿದರೆ ಹತ್ತಾರು ಚಿತ್ರ ಹಿಡಿದು, ಒಂದರ ಮೇಲೊಂದು ಕೂಡಿಸಿ, ಕೈ ನಡುಗಿದ್ದನ್ನೂ ಸರಿಪಡಿಸಿ ಒಂದು ಮಾಡಿ ಕೊಡುತ್ತದೆ. ಹದಿನಾರು ಚಿತ್ರ ಕೂಡಿಸಿದರೆ ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳುಕಾಳು, ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಇದರಲ್ಲಿ ಮಾಟವಿಲ್ಲ, ಬರೀ ಗಣಿತ. ಡಾರ್ಕ್‌ರೂಮಿನಲ್ಲಿ ಹೈಪೋ ವಾಸನೆ ಕುಡಿದ ನಮ್ಮಂಥವರು "ಕಂಪ್ಯೂಟರ್ ಮುಟ್ಟಿದ ಚಿತ್ರ ಚಿತ್ರವೇ ಅಲ್ಲ" ಎಂದರೆ ಆ ಮಾತು ತಲೆಗೆ ಹಚ್ಚಿಕೊಳ್ಳಬೇಡ. 1976ರಲ್ಲಿ ಬ್ರೈಸ್ ಬೇಯರ್ ಪೇಟೆಂಟ್ ಪಡೆದ ಬಣ್ಣದ ಜಾಲರಿಯೇ ಇಂದಿನ ಬಹುತೇಕ ಸೆನ್ಸರ್‌ಗಳ ಮೇಲಿದೆ. ಅದರ ಒಂದೊಂದು ಚುಕ್ಕಿಯೂ ಕೆಂಪು, ಹಸಿರು, ನೀಲಿಯಲ್ಲಿ ಒಂದೇ ಒಂದನ್ನು ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕ ನೋಡಿ ಲೆಕ್ಕ ಹಾಕಿ ತುಂಬುತ್ತಾರೆ. ಅಂದಮೇಲೆ ನಿನ್ನ ಚಿತ್ರದ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಮೊದಲಿನಿಂದಲೂ ಊಹೆ. ಊಹೆ ಇರಲಿ. ಎಲ್ಲಿ ಏನು ಊಹಿಸಿದೆ ಎಂಬುದು ನಿನಗೆ ಗೊತ್ತಿರಬೇಕು, ಅಷ್ಟೇ.

ನಮ್ಮ ಹೊಲಕ್ಕೇ ಹೋಗಿ ನೋಡು. ಕ್ಯಾಮೆರಾದ ಮೀಟರಿಗೆ ಲೋಕವೆಲ್ಲ ನಡು ಬೂದು ಬಣ್ಣದ್ದು ಎಂಬ ನಂಬಿಕೆ. ಹತ್ತಿ ಒಡೆದು ಬೆಳ್ಳಗಾದ ಹೊಲ ತೋರಿಸಿದರೆ ಹೆದರಿ ಕತ್ತಲು ಮಾಡಿ ಹತ್ತಿಯನ್ನು ಬೂದಿ ಬಣ್ಣಕ್ಕೆ ತರುತ್ತದೆ. ಮಳೆ ಬಿದ್ದ ಎರೆಹೊಲ ತೋರಿಸಿದರೆ ಬೆಳಕು ಹೆಚ್ಚಿಸಿ ಆ ಕರಿಯನ್ನೂ ಬೂದಿ ಮಾಡುತ್ತದೆ. ಹತ್ತಿಗೆ ಪ್ಲಸ್ ಒಂದು, ಎರೆಗೆ ಮೈನಸ್ ಒಂದು: ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿಯನ್ನು ಹೀಗೆ ತಿರುಗಿಸಿ ತೆಗೆದು, ಹಿಸ್ಟೋಗ್ರಾಮ್ ಎತ್ತ ವಾಲಿತು ನೋಡು. ಯೂಟ್ಯೂಬಿನಲ್ಲಿ ವಾರಗಟ್ಟಲೆ ನೋಡಿ ತಿಳಿಯದ್ದು ಬದುವಿನ ಮೇಲೆ ನಿಂತ ಹತ್ತು ನಿಮಿಷಕ್ಕೆ ತಿಳಿಯುತ್ತದೆ.

ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿ ಭಂಡಾರದ ಅರಿಶಿನ ಪುಡಿ ಹಾರಿ ಜನ, ಮೆಟ್ಟಿಲು, ಗಾಳಿ ಎಲ್ಲ ಹಳದಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಯಂತ್ರ ಅದನ್ನು ಭಂಡಾರವೆಂದು ತಿಳಿಯುವುದಿಲ್ಲ, ಹಳದಿ ಬಲ್ಬಿನ ಬೆಳಕೆಂದು ತಿಳಿದು ನೀಲಿ ಸುರಿಯುತ್ತದೆ. ದೇವರ ಭಂಡಾರ ನಿಂಬೆ ಸಿಪ್ಪೆಯ ಬಣ್ಣಕ್ಕೆ ಇಳಿದು, ಬಿಳಿ ಧೋತರಗಳಿಗೆ ನೀಲಿ ಹಾಕಿದಂತಾಗುತ್ತದೆ. ಸೂರ್ಯನ ಗುರುತಿನ ಡೇಲೈಟ್‌ಗೆ ಕಟ್ಟಿ ಇಡು. ಲೆನ್ಸ್ ಮಾತ್ರ ಅಲ್ಲಿ ಬಿಚ್ಚಬೇಡ; ಆ ಪುಡಿ ಒಳಗೆ ಹೊಕ್ಕರೆ ಸರ್ವಿಸಿಗೆ ಹೈದರಾಬಾದೋ ಬೆಂಗಳೂರೋ ಗತಿ.

ಶಹಾಪುರದವರಿಗಂತೂ ಮಲಗಿದ ಬುದ್ಧನಂತೆ ಕಾಣುವ ಗುಡ್ಡಕ್ಕಿಂತ ದೊಡ್ಡ ಪಾಠವಿಲ್ಲ. ಆ ಗುಡ್ಡದ ಸಾಲಿನಲ್ಲಿ ಹಣೆ, ಮೂಗು, ಎದೆ ಕಾಣುವುದು ಹಿಂದೆ ಬೆಳಕಿದ್ದು ಗುಡ್ಡ ಕಪ್ಪಗಿದ್ದಾಗ. ಕಪ್ಪೇ ಬುದ್ಧ. ಫೋನಿನ ಎಚ್‌ಡಿಆರ್‌ಗೆ ಕಪ್ಪು ಕಂಡರೆ ಆಗದು: ನೆರಳನ್ನೆಲ್ಲ ಎತ್ತಿ ಬೆಳಗಿಸಿ ಬಂಡೆ, ಮುಳ್ಳುಕಂಟಿ ಎಲ್ಲ ಸ್ಪಷ್ಟವಾಗಿ ತೋರಿಸುತ್ತದೆ, ಬುದ್ಧ ಎದ್ದು ಹೋಗಿರುತ್ತಾನೆ. ಆಕಾಶದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆ. ಅದೇ ತಾಲೂಕಿನ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದವರು ಸಾಲುಸಾಲಾಗಿ ಇಟ್ಟ ಗುಂಡುಕಲ್ಲುಗಳಿವೆ. 1841ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರ್ ಈ ಸೀಮೆಯ ಅಂಥ ಕಲ್ಲುಗಳನ್ನು ಹುಡುಕಿ ಬರೆದಿಟ್ಟವನು. ಅಲ್ಲಿಗೆ ಬೆಳ್ಳಂಬೆಳಗ್ಗೆ ಹೋಗು. ಕಲ್ಲಿಗಿಂತ ಉದ್ದದ ನೆರಳು ಬಿದ್ದಾಗಲೇ ಸಾಲು ಸಾಲೆಂದು ಗೊತ್ತಾಗುವುದು. ನೆತ್ತಿಯ ಬಿಸಿಲಲ್ಲಿ ತೆಗೆದು ಮನೆಗೆ ಬಂದು ಸಾಫ್ಟ್‌ವೇರಿನಲ್ಲಿ ನೆರಳು ಹಚ್ಚಿದರೆ ಅದು ಆ ಕಲ್ಲಿನ ನೆರಳಲ್ಲ.

ಮುಖಗಳ ವಿಷಯದಲ್ಲಿ ನನಗೆ ಸಿಟ್ಟೇ ಇದೆ. ಒಂದು ಸ್ಟುಡಿಯೋದಲ್ಲಿ ಹುಡುಗನೊಬ್ಬ ತೀರಿಕೊಂಡ ಮುದುಕಿಯ ಫೋಟೊ ದೊಡ್ಡದು ಮಾಡಲು ಕೂತಿದ್ದ. ಆಟೋ ರೀಟಚ್ ಒತ್ತಿದ. ಮೈಬಣ್ಣ ಬೆಳ್ಳಗಾಯಿತು, ಸುಕ್ಕು ಹೋಯಿತು, ಗದ್ದದ ಮೇಲಿನ ಮೂರು ಹಚ್ಚೆ ಚುಕ್ಕಿಗಳನ್ನು ಕಲೆ ಎಂದು ಒರೆಸಿ ಹಾಕಿತು. ಮಗ ಬಂದು ನೋಡಿ, "ಯಾರಿದು? ನಮ್ಮವ್ವನ ಹಚ್ಚಿ ಎಲ್ಲಿ?" ಎಂದ. ಆ ಪ್ರೋಗ್ರಾಮಿಗೆ ಹಚ್ಚೆಯೂ ಒಂದೇ, ಮೊಡವೆಯೂ ಒಂದೇ. ಬಿಸಿಲಲ್ಲಿ ತೊಗರಿ ಕೊಯ್ದ ಮುಖವನ್ನು ಬೆಳ್ಳಗೆ ಮಾಡಿದರೆ ಗಿರಾಕಿ ಖುಷಿಪಡುತ್ತಾನೆ ಎನ್ನುವವರಿದ್ದಾರೆ. ಕೆಲವರು ಪಡುತ್ತಾರೆ ಕೂಡ, ಮದುವೆ ಆಲ್ಬಮ್ಮಿನ ವ್ಯವಹಾರ ನನಗೂ ಗೊತ್ತು. ಕೇಳಿದವರಿಗೆ ಮಾಡು. ಕೇಳದವರ ಚರ್ಮದ ಬಣ್ಣಕ್ಕೆ ಕೈ ಹಾಕುವ ಹಕ್ಕು ನಿನಗಿಲ್ಲ.

ಬೋನಾಳ ಕೆರೆಗೆ ಹಕ್ಕಿ ತೆಗೆಯಲು ಹೋಗುವವರೂ ಇದೇ ಎಚ್ಚರದಲ್ಲಿರಿ. ನಸುಕಿನಲ್ಲಿ ಐಎಸ್‌ಒ 6400ಕ್ಕೆ ಏರಿಸಿ ತೆಗೆದದ್ದನ್ನು ಈಗಿನ ಎಐ ಡಿನಾಯ್ಸ್ ನುಣ್ಣಗೆ ಮಾಡುತ್ತದೆ. ನೂರು ಪ್ರತಿಶತಕ್ಕೆ ಹಿಗ್ಗಿಸಿ ಕುತ್ತಿಗೆಯ ಗರಿ ನೋಡು. ಕೆಲವೊಮ್ಮೆ ಆ ಹಕ್ಕಿಗೆ ಇಲ್ಲದ ಗೀರುಗಳನ್ನು ಅದೇ ಬರೆದಿರುತ್ತದೆ. ಅಂಥ ಕಡೆ ಸ್ಲೈಡರ್ ಅರ್ಧಕ್ಕೆ ಇಳಿಸು. ಸ್ವಲ್ಪ ನಾಯ್ಸ್ ಇದ್ದರೆ ಯಾರೂ ಸಾಯುವುದಿಲ್ಲ.

ಇಷ್ಟು ಬೈದರೂ ಯಂತ್ರದ ಮೇಲೆ ನನಗೆ ದೊಡ್ಡ ಆಸೆಯೊಂದಿದೆ, ಅದಕ್ಕೇ ರಾ ಫೈಲಿನಲ್ಲಿ ತೆಗೆ ಎನ್ನುವುದು. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384. ಜೆಪೆಗ್ ಎಂದರೆ ಅಂದಿನ ಕ್ಯಾಮೆರಾ ಅಂದಿನ ಬುದ್ಧಿಯಲ್ಲಿ ಕೊಟ್ಟ ತೀರ್ಪು. ಬೇಡವಾದದ್ದನ್ನು ಅದು ಎಸೆದುಬಿಟ್ಟಿರುತ್ತದೆ. ರಾದಲ್ಲಿ ಎಸೆಯುವುದಿಲ್ಲ. ಹದಿನೈದು ವರ್ಷದ ಹಿಂದಿನ ರಾ ಫೈಲನ್ನು ಈಗಿನ ಪ್ರೋಗ್ರಾಮಿಗೆ ಕೊಟ್ಟು ನೋಡು, ಅಂದು ಕತ್ತಲೆಂದು ಬಿಟ್ಟ ಮೂಲೆಯಲ್ಲಿ ಕೂತವರ ಮುಖ ಕಾಣುತ್ತದೆ. ನಾಳೆಯ ಕಂಪ್ಯೂಟರ್ ಇನ್ನೂ ಜಾಣ ಆಗುತ್ತದೆ, ಆದರೆ ಅದಕ್ಕೆ ಕೊಡಲು ನಿನ್ನ ಹತ್ತಿರ ಮೂಲ ಉಳಿದಿರಬೇಕು. ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡು. ಒಂದು ನಿನ್ನ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಅಕ್ಕನದೋ ಮಾವನದೋ ಮನೆಯಲ್ಲಿ. ಫೋಲ್ಡರಿಗೆ "ನ್ಯೂ ಫೋಲ್ಡರ್ 3" ಎಂದು ಬಿಟ್ಟು ಏಳಬೇಡ. ಊರು, ತಾರೀಖು, ಯಾವ ಜಾತ್ರೆ, ಯಾರ ಮನೆ ಎಂದು ಅವತ್ತೇ ಬರೆ. ಚಿತ್ರದಲ್ಲಿರುವವರ ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದುಕೋ.